ನೀಲವ್ವತ್ತೆಯ ಚೇಳಿನ ಮಂತ್ರ

ಹೋದ ತಿಂಗಳು ಬೆಳಗಾವಿಗೆ, ನನ್ನ ನಾದಿನಿಯ ಮಗಳ ಹೊಸ ಮನೆಗೆ ಹೋಗಿದ್ದೆ. ನಾಲ್ಕನೆಯ ಅಂತಸ್ತಿನಲ್ಲಿ ಮನೆ. ನೆಲದಲ್ಲಿ ಮುಖ ನೋಡಿಕೊಂಡು ಕುಂಕುಮ ಹಚ್ಚಿಕೊಳ್ಳಬಹುದು, ಅಷ್ಟು ನುಣುಪು. ಊಟ ಮುಗಿಸಿ ಹೊರಡುವಾಗ ಬಾಗಿಲ ಬಳಿ ಬಿಟ್ಟಿದ್ದ ನನ್ನ ಬೂಟುಗಳನ್ನು ಎತ್ತಿಕೊಂಡೆ. ಮೊಣಕಾಲು ನೋವಿಗೆಂದು ಡಾಕ್ಟರು ಹಾಕಿಸಿರುವ ಬೂಟು ಅವು. ಬೋರಲು ಹಿಡಿದು, ಗೋಡೆಗೆ ಟಪಟಪ ಬಡಿದು, ಒಳಗೊಮ್ಮೆ ಇಣುಕಿ ನೋಡಿ ಆಮೇಲೆ ಕಾಲು ತೂರಿಸಿದೆ. ಹೊಸದಾಗಿ ಬಣ್ಣ ಬಳಿದ ಗೋಡೆ. ಅದರ ಮೇಲೆ ಎರಡು ಹಿಮ್ಮಡಿಗಳು ಅಚ್ಚಾದವು. ಹುಡುಗಿ ಗೋಡೆ ನೋಡಿದಳು, ನನ್ನನ್ನು ನೋಡಿದಳು, ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ ಕೊನೆಗೆ ನಕ್ಕಳು.

“ಮಾಮಿ, ನಾಕನೇ ಮಾಳಿಗಿಗೆ ಚೇಳ ಲಿಫ್ಟಿನಾಗ ಬರತೈತೇನ್ರಿ?”

“ಲಿಫ್ಟ ಯಾಕ ಬೇಕವ್ವಾ ಅದಕ್ಕ? ಎಂಟ ಕಾಲ ಅದಾವು. ಮೆಟ್ಟಲಾ ಹತ್ತಿ ಬರತೈತಿ” ಎಂದೆ. ತಮಾಷೆಗೆ ಅಂದೆನೆಂದು ಅವಳು ತಿಳಿದಳು. ನಾನು ತಮಾಷೆ ಮಾಡಿರಲಿಲ್ಲ.

ಇದು ನನ್ನ ಹಳೆಯ ರೋಗ. ಸವದತ್ತಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಾಗಲೂ ಸೀಮೆಸುಣ್ಣದ ಡಬ್ಬಿಯನ್ನು ಅಲುಗಾಡಿಸಿಯೇ ಕೈ ಹಾಕುತ್ತಿದ್ದೆ. ಹಾಸಿಗೆ, ಟವೆಲು, ಮಡಿಚಿಟ್ಟ ಸೀರೆ, ಮೂಲೆಯಲ್ಲಿಟ್ಟ ಕೊಡೆ, ಯಾವುದೂ ನನ್ನಿಂದ ಝಾಡಿಸಿಕೊಳ್ಳದೆ ಪಾರಾಗುವುದಿಲ್ಲ. “ಇಕಿ ದೇವರ ಫೋಟೋನೂ ಝಾಡಿಸಿಯೇ ಕೈ ಮುಗೀತಾಳ” ಎಂದು ನನ್ನ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ. ಹೇಳಲಿ. ಅವರು ಚಿಕ್ಕಂದಿನ ರಜೆಗಳನ್ನು ನೀಲವ್ವತ್ತೆಯ ಊರಿನಲ್ಲಿ ಕಳೆದವರಲ್ಲ.

ನೀಲವ್ವತ್ತೆ ನನ್ನ ಅಪ್ಪನ ಕೊನೆಯ ತಂಗಿ. ತೊರಗಲ್ಲಿನ ಕೋಟೆ ದಾಟಿ ಮುಂದೆ ಹೋದರೆ, ಬಸ್ಸು ತನ್ನ ಮನಸ್ಸಿಗೆ ಬಂದಾಗ ಬರುವ ಒಂದು ಊರಿಗೆ ಅವಳನ್ನು ಕೊಟ್ಟಿದ್ದರು. ಅಲ್ಲಿ ನೀರಿಗೆ ತತ್ವಾರವಿದ್ದೀತು, ಕಲ್ಲಿಗಿಲ್ಲ. ಮನೆಯ ಗೋಡೆ ಕಲ್ಲಿನದು, ಹಿತ್ತಲಿನ ಪೌಳಿ ಕಲ್ಲಿನದು, ಹೊಲದ ಬದುವಿನ ಮೇಲೆ ಕಲ್ಲಿನ ಗುಪ್ಪೆ. ಕಲ್ಲಿಗೂ ಕಲ್ಲಿಗೂ ನಡುವೆ ಮೆತ್ತಿದ ಮಣ್ಣು ಉದುರಿದಲ್ಲೆಲ್ಲ ಚೇಳಿನ ಸಂಸಾರ. ಮುಂಗಾರಿನ ಮೊದಲ ಮಳೆ ಬಿದ್ದು ನೆಲದ ಕಾವು ಮೇಲೆದ್ದರೆ ಸಾಕು, ಅವೆಲ್ಲ ಹೊರಗೆ ಬರುತ್ತವೆ. ಅಂಗೈ ಉದ್ದದ ಕರಿಚೇಳು ಕಂಡರೆ ಜನ ಕೂಗಿ ಊರು ಸೇರಿಸುತ್ತಾರೆ. ಬೆರಳುದ್ದವೂ ಇಲ್ಲದ ಕೆಂಪುಚೇಳನ್ನು ಮಾತ್ರ “ಏ, ಮರೀ ಅದು” ಎಂದು ಕಡ್ಡಿಯಿಂದ ಚಿಮ್ಮಿಬಿಡುತ್ತಾರೆ. ಜೀವ ತೆಗೆಯುವುದು ಆ ಚಿಕ್ಕದೇ ಎಂಬುದು ನನಗೂ ಎಷ್ಟೋ ವರ್ಷ ಗೊತ್ತಿರಲಿಲ್ಲ.

ಹಾವಿಗೆ ನಮ್ಮ ಕಡೆ ಎಷ್ಟು ಮರ್ಯಾದೆ ನೋಡಿ. ಪಂಚಮಿ ಬಂದರೆ ಹಾಲು, ಅಳ್ಳು, ತಂಬಿಟ್ಟು, ಜೋಕಾಲಿ. ಹಾವು ಕಚ್ಚಿತೆಂದರೆ ಊರಿಗೆ ಊರೇ ಎದ್ದು ಓಡುತ್ತದೆ, ಮರುದಿನ ಪೇಪರಿನಲ್ಲಿ ಬರುತ್ತದೆ. ಚೇಳಿಗೆ ಇದಾವುದೂ ಇಲ್ಲ. ಸಗಣಿಯ ಕುಳ್ಳು ತೆಗೆಯಲು ಹೋದ ಸೊಸೆಗೆ, ಜೋಳದ ಕಣಿಕೆಯ ಬಣವೆಗೆ ಕೈ ಹಾಕಿದ ಆಳಿಗೆ, ಕಬ್ಬು ಕಡಿಯಲು ಬಂದು ಬಯಲಲ್ಲಿ ಮಲಗಿದ ಗುಂಪಿನ ಹಸುಗೂಸಿಗೆ ಅದು ಕುಟುಕುತ್ತದೆ. ಅವರು ಒಂದಿಷ್ಟು ಒದ್ದಾಡುತ್ತಾರೆ, ಕೂಲಿ ತಪ್ಪಿಸಿಕೊಳ್ಳುತ್ತಾರೆ, ಮತ್ತೆ ಅದೇ ಬಣವೆಗೆ ಅದೇ ಕೈ ಹಾಕುತ್ತಾರೆ. ದವಾಖಾನೆಗೆ ಬಂದವರನ್ನು ಸರಕಾರ ಲೆಕ್ಕ ಹಿಡಿದೀತು. ಮನೆಯ ಕಟ್ಟೆಯ ಮೇಲೆಯೇ ಮುಗಿದುಹೋದವರನ್ನು ಯಾರು ಹಿಡಿಯಬೇಕು? ನಾನು ಚಿಕ್ಕವಳಿದ್ದಾಗ ಆ ಊರಿನಲ್ಲಿ ಬೆಳಿಗ್ಗೆ ಚೇಳು ಕಡಿಸಿಕೊಂಡು ಸಂಜೆಗೆ ಉಸಿರು ಕಟ್ಟಿ ಸತ್ತ ಕೂಸುಗಳಿದ್ದವು. ಅವಕ್ಕೆಲ್ಲ ಗಾಳಿ ಬಡಿಯಿತು, ದೃಷ್ಟಿ ಆಯಿತು ಎಂದೇ ಹೇಳುತ್ತಿದ್ದರು. ಚೇಳಿನ ಹೆಸರು ಬರುತ್ತಲೇ ಇರಲಿಲ್ಲ. ಯಾಕೆಂದರೆ ಚೇಳು ಇಳಿದಿತ್ತಲ್ಲ, ನೀಲವ್ವತ್ತೆ ಇಳಿಸಿದ್ದಳಲ್ಲ.

ಹೌದು, ಚೇಳು ಇಳಿಸುವವಳು ನನ್ನ ಅತ್ತೆಯೇ. ಅವಳ ಗಂಡನ ತಾಯಿ ಗ್ರಹಣದ ದಿನ ಹೊಳೆಯ ನೀರಿನಲ್ಲಿ ನಿಲ್ಲಿಸಿ ಅವಳಿಗೆ ಆ ಮಂತ್ರ ಕೊಟ್ಟಿದ್ದಳಂತೆ. ಕಡಿಸಿಕೊಂಡವರು ಬಂದು ಕಟ್ಟೆಯ ಮೇಲೆ ಕೂಡಬೇಕು. ಅತ್ತೆ ಹುಣಸೆಬೀಜವನ್ನು ಕಲ್ಲಿಗೆ ತಿಕ್ಕಿ ತಿಕ್ಕಿ ಬಿಸಿ ಮಾಡಿ ಕಡಿದ ಜಾಗಕ್ಕೆ ಒತ್ತುತ್ತಿದ್ದಳು, ಅದು ಅಂಟಿಕೊಂಡು ನಿಲ್ಲುತ್ತಿತ್ತು. ಆಮೇಲೆ ಬೇವಿನ ಎಲೆಗಳ ತಪ್ಪಲು ಹಿಡಿದು ಮೇಲಿಂದ ಕೆಳಕ್ಕೆ ನೀವುತ್ತ, ತುಟಿಯೊಳಗೇ ಏನೋ ಅನ್ನುತ್ತ, ನಡುನಡುವೆ ಕೇಳುತ್ತಿದ್ದಳು: “ಎಲ್ಲಿಗೆ ಬಂತು?” ಕಡಿಸಿಕೊಂಡವರು ಉತ್ತರ ಕೊಡಬೇಕು. ತೊಡೆಗೆ ಬಂತು, ಮೊಣಕಾಲಿಗೆ ಬಂತು, ಹರಡಿಗೆ ಬಂತು. ಕೊನೆಗೆ ಬೀಜ ತಾನಾಗಿ ಉದುರಿದರೆ ವಿಷ ಇಳಿದಂತೆ. ಅತ್ತೆ ಇದಕ್ಕೆ ಯಾರಿಂದಲೂ ಏನೂ ಮುಟ್ಟುತ್ತಿರಲಿಲ್ಲ. ಮುಟ್ಟಿದರೆ ಮಂತ್ರ ಕೆಡುತ್ತದೆಂದು ನಂಬಿಕೆ. ಆದ್ದರಿಂದಲೇ ಅವಳ ಮಾತಿಗೆ ಊರಿನಲ್ಲಿ ಅಷ್ಟು ತೂಕ.

ಈಗ ನೀವೇ ಯೋಚನೆ ಮಾಡಿ. ಹಿರಿಯಳು, ಉಪಕಾರ ಮಾಡುವವಳು, ಒಲೆಯ ಮೇಲಿನ ರೊಟ್ಟಿ ಬಿಟ್ಟು ಎದ್ದು ಬಂದು ನಿಮ್ಮ ಕಾಲು ಹಿಡಿದು ಕೂತಿದ್ದಾಳೆ. “ಎಲ್ಲಿಗೆ ಬಂತು?” ಎಂದು ಮೂರನೆಯ ಸಲ ಕೇಳುತ್ತಾಳೆ. “ಎಲ್ಲಿಗೂ ಬಂದಿಲ್ಲ” ಎನ್ನಲು ನಿಮಗೆ ಬಾಯಿ ಬರುತ್ತದೆಯೇ? ನನಗಂತೂ ಬರಲಿಲ್ಲ. ರಜೆಗೆ ಹೋಗಿದ್ದಾಗ ಒಮ್ಮೆ ನನ್ನ ಕಾಲಿಗೂ ಕರಿಚೇಳು ಕಡಿಯಿತು. ತೊಡೆಯವರೆಗೆ ಬೆಂಕಿ ಇಟ್ಟಂತಾಗಿತ್ತು. ಸುತ್ತಲೂ ಜನ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ನಾನು ಮೊಣಕಾಲಿಗೆ ಬಂತೆಂದೆ, ಹರಡಿಗೆ ಬಂತೆಂದೆ, ಹೆಬ್ಬೆರಳಿನಿಂದ ಹೊರಟೇ ಹೋಯಿತೆಂದೆ. ಎಲ್ಲರೂ ಭಲೆ ಎಂದರು. ಅತ್ತೆ ಬೆಲ್ಲ ಕೊಟ್ಟಳು. ಬೆಲ್ಲ ಚೀಪುತ್ತ ಹಿತ್ತಲಿಗೆ ಹೋಗಿ, ಯಾರಿಗೂ ಕೇಳಿಸದಂತೆ ಬಾಯಿಗೆ ಲಂಗ ತುರುಕಿಕೊಂಡು ಅತ್ತುಬಿಟ್ಟೆ. ಆ ಊರಿನಲ್ಲಿ ಕಡಿಸಿಕೊಂಡವರೆಲ್ಲ ಹೀಗೇ ಮಾಡುತ್ತಿದ್ದರೆಂದು ಬಹಳ ವರ್ಷದ ಮೇಲೆ ತಿಳಿಯಿತು.

ತಿಳಿದದ್ದು ರೇಣುಕಾಳಿಂದ. ನಾನು ನೌಕರಿಯಲ್ಲಿದ್ದ ಕೊನೆಯ ವರ್ಷಗಳಲ್ಲಿ ಒಂದು ಬೇಸಿಗೆಗೆ ಅತ್ತೆಯ ಮನೆಗೆ ಹೋಗಿದ್ದೆ. ಮಟಮಟ ಮಧ್ಯಾಹ್ನ. ಪಡಸಾಲೆಯಲ್ಲಿ ವಾರಪತ್ರಿಕೆಯನ್ನು ಮುಖದ ಮೇಲೆ ಹಾಕಿಕೊಂಡು ಓದುತ್ತಿದ್ದೆ, ಅಂದರೆ ಗೊರಕೆ ಹೊಡೆಯುತ್ತಿದ್ದೆ. ಪಕ್ಕದ ಮನೆಯ ಶಾಂತವ್ವ ಚೀರುತ್ತ ಬಂದಳು. ಅವಳ ಬಗಲಲ್ಲಿ ಮೂರನೇ ಇಯತ್ತೆ ಓದುವ ಮಗಳು ರೇಣುಕಾ. ಮೂಲೆಯಲ್ಲಿ ಚೀಲ ಮುಚ್ಚಿಟ್ಟಿದ್ದ ಉಳ್ಳಾಗಡ್ಡಿಯ ರಾಶಿಗೆ ಹುಡುಗಿ ಕೈ ಹಾಕಿದ್ದಾಳೆ, ಬೆರಳಿಗೆ ಕಡಿದಿದೆ. ಕಂಡದ್ದು ಸಣ್ಣ ಕೆಂಪುಚೇಳು. ಶಾಂತವ್ವನ ಗಂಡ ಗೋವೆಯಲ್ಲಿ ಗಾರೆ ಕೆಲಸಕ್ಕಿದ್ದ. ಹಿಂದೆಯೇ ಹುಡುಗಿಯ ಕಾಕಾ ಫಕೀರಪ್ಪ ಓಡಿ ಬಂದ.

ಅತ್ತೆ ಬೀಜ ತಿಕ್ಕಿ ಅಂಟಿಸಿದಳು, ಭುಜದಿಂದ ನೀವತೊಡಗಿದಳು. “ಎಲ್ಲಿಗೆ ಬಂತ, ಕೂಸ?” “ಮೊಣಕೈಗೆ ಬಂತ, ಆಯಿ.” “ಈಗ?” “ಮುಂಗೈಗೆ.” ಬೀಜ ಉದುರಿತು. ಎಲ್ಲರೂ ಉಸಿರು ಬಿಟ್ಟರು. ಚಹಾಕ್ಕೆ ನೀರಿಟ್ಟರು. ಫಕೀರಪ್ಪ ತನ್ನ ಎಮ್ಮೆಯ ಸುದ್ದಿ ತೆಗೆದ. ರೇಣುಕಾ ಕಂಬಕ್ಕೆ ಆತು ಸುಮ್ಮನೆ ಕೂತಿದ್ದಳು. ಚಹಾ ಕುದಿಯುವಷ್ಟರಲ್ಲಿ ಅವಳು ವಾಂತಿ ಮಾಡಿಕೊಂಡಳು.

ಬಾಯಿ ತೊಳೆಸಲೆಂದು ಅತ್ತೆ ಅವಳ ಕೈ ಹಿಡಿದವಳು ಹಾಗೆಯೇ ನಿಂತುಬಿಟ್ಟಳು. ಹೊರಗೆ ಕಲ್ಲು ಕಾದು ಕಾಲಿಡಲಾಗದ ಬಿಸಿಲು, ಹುಡುಗಿಯ ಕೈ ಮಾತ್ರ ಹರವಿಯ ನೀರಿನಂತೆ ತಣ್ಣಗೆ. ಹಣೆಯಿಂದ ಬೆವರು ಇಳಿದು ಕೂದಲೆಲ್ಲ ಅಂಟಿಕೊಂಡಿತ್ತು.

“ನೋವ ಎಲ್ಲೈತಿ, ಯವ್ವಾ?”

“ಎಲ್ಲೂ ಇಲ್ಲ ಆಯಿ. ಎಲ್ಲಾ ಇಳದೈತಿ” ಎಂದಳು ಹುಡುಗಿ, ಹಲ್ಲು ಕಟಕಟ ಅನ್ನಿಸುತ್ತ.

ಅತ್ತೆ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. “ನನ್ನ ಮಾರಿ ನೋಡಿ ಹೇಳಬ್ಯಾಡ. ಅಲ್ಲಿ ಆಕಳ ನಿಂತೈತಲ್ಲ, ಅದರ ಕಡೆ ನೋಡಿ ಹೇಳು.”

ರೇಣುಕಾ ಆಕಳಿನ ಕಡೆ ನೋಡಿದಳು. ನೋಡುತ್ತ ನೋಡುತ್ತ ಅವಳ ತುಟಿ ಸೊಟ್ಟಗಾಯಿತು. “ಇಳದಿಲ್ಲ ಆಯಿ. ಮೊದಲಿಂದನೂ ಇಳದಿಲ್ಲ. ಎದಿಯಾಗ ಹ್ಯಾಂಗೋ ಆಗತೈತಿ. ಆಯಿಗೆ ಇಲ್ಲ ಅನಬಾರದು ಅಂತ ಅವ್ವ ಹೇಳಿದ್ಲು.”

ಅತ್ತೆಯ ಮುಖ ಆಗ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಕೈಯಲ್ಲಿದ್ದ ತಪ್ಪಲನ್ನು ಕೆಳಗಿಟ್ಟಳು. ಎಷ್ಟು ಮಂದಿ ಆ ಕಟ್ಟೆಯ ಮೇಲೆ ಕೂತು ಅವಳ ಮುಖ ನೋಡಿ ‘ಬಂತು’ ಎಂದಿದ್ದರೋ, ಅವರೆಲ್ಲ ಒಮ್ಮೆಗೇ ಅವಳ ಕಣ್ಣ ಮುಂದೆ ಬಂದಿರಬೇಕು. ಆದರೆ ಅಳುತ್ತ ಕೂಡುವ ಹೆಂಗಸಲ್ಲ ಅವಳು. ಎದ್ದು ನಿಂತು, “ಗಾಡಿ ತರ್ರಿ” ಎಂದಳು.

ಉಳ್ಳಾಗಡ್ಡಿ ಹೇರುವ ಮೂರು ಗಾಲಿಯ ಟಂಟಂ ಒಂದು ಓಣಿಯಲ್ಲೇ ನಿಂತಿತ್ತು. ಹಿಂದೆ ಅತ್ತೆ, ಶಾಂತವ್ವ, ನಾನು, ನಡುವೆ ಹುಡುಗಿ. ಫಕೀರಪ್ಪ ಡ್ರೈವರನ ಪಕ್ಕ. ರಾಮದುರ್ಗದ ಹಾದಿ ಹಿಡಿದು ಸ್ವಲ್ಪ ಹೋದ ಮೇಲೆ ಎಡಕ್ಕೆ ಬೇರೊಂದು ಊರಿನ ರಸ್ತೆ ಒಡೆಯುತ್ತದೆ. ಅಲ್ಲಿ ಫಕೀರಪ್ಪ ಡ್ರೈವರನಿಗೆ ಎಡಕ್ಕೆ ಹೊಡಿ ಎಂದ.

“ಆ ಊರಾಗ ಅಜ್ಜಾರ ಅದಾರ, ಅತ್ತಿ. ಅವರದು ಖಡಕ್ ಮಂತ್ರ. ತೋರಿಸಿಕೊಂಡ ಹೋಗೂಣು, ಏನ ಬಾಳ ಹೊತ್ತ ಹಿಡಿಯಾಂಗಿಲ್ಲ.”

ಶಾಂತವ್ವನೂ ಹೂಂ ಎಂದಳು. ನಾನು ಬಾಯಿ ತೆರೆದು ವಿಜ್ಞಾನ, ವಿಷ, ರಕ್ತ ಎಂದೇನೋ ಪಾಠ ಶುರು ಮಾಡಿದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಟಂಟಂ ಆಗಲೇ ಎಡಕ್ಕೆ ವಾಲಿತ್ತು. ಅತ್ತೆ ಹಿಂದಿನಿಂದ ಕೈ ಚಾಚಿ ಡ್ರೈವರನ ಅಂಗಿಯ ಕಾಲರು ಹಿಡಿದಳು.

“ಫಕೀರಪ್ಪಾ, ಇಡೀ ಊರಿಗೆ ಚೇಳ ಇಳಿಸಿದಾಕಿ ನಾನು. ನಾನ ಹೇಳಾಕತ್ತೇನಿ ಕೇಳು. ಇದು ನನ್ನ ಮಂತ್ರಕ್ಕೂ ಇಳಿಯೂದಲ್ಲ, ಅವರ ಮಂತ್ರಕ್ಕೂ ಇಳಿಯೂದಲ್ಲ. ನೀಲವ್ವನ ಮಂತ್ರ ಸುಳ್ಳಾತು ಅಂತ ಊರ ತುಂಬ ಸಾರು. ಗಾಡಿ ಮಾತ್ರ ತಿರುವಬ್ಯಾಡ್ರಿ.”

ಗಾಡಿ ತಿರುಗಲಿಲ್ಲ.

ರಾಮದುರ್ಗದ ದವಾಖಾನೆಯಲ್ಲಿದ್ದವರು ಮೈಸೂರು ಕಡೆಯ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಹುಡುಗಿಯ ಕೈ ಮುಟ್ಟಿ, ಎದೆಗೆ ಸ್ಟೆತಾಸ್ಕೋಪು ಇಟ್ಟವರೇ ನರ್ಸನ್ನು ಕೂಗಿದರು. ಗುಳಿಗೆ ನುಂಗಿಸಿದರು, ಮೂಗಿಗೆ ಆಮ್ಲಜನಕ ಹಚ್ಚಿದರು. ಆಮೇಲೆ ನಮ್ಮ ಕಡೆ ತಿರುಗಿ, “ಕಚ್ಚಿ ಎಷ್ಟು ಹೊತ್ತಾಯ್ತು? ಇಷ್ಟು ಹೊತ್ತು ಎಲ್ಲಿದ್ರಿ?” ಎಂದರು.

“ಗಾಡಿ ಸಿಗಲಿಲ್ರಿ ಮೇಡಂ...” ಎಂದು ಫಕೀರಪ್ಪ ಶುರು ಮಾಡಿದ.

“ಗಾಡಿ ಓಣ್ಯಾಗ ನಿಂತಿತ್ರಿ” ಎಂದಳು ಅತ್ತೆ. “ನಾನು ನನ್ನ ಕಟ್ಟಿಮ್ಯಾಲ ಕೂಡ್ರಿಸಿಕೊಂಡ ಮಂತ್ರ ಹಾಕಾಕತ್ತಿದ್ದೆ. ಇಳೀತು ಅಂತ ಹುಡುಗಿ ಅಂತು, ನಾ ನಂಬಿದೆ.”

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತೇನೋ. “ಈ ಕೆಂಪು ಚೇಳಿನಲ್ಲಿ ನೋವನ್ನ ನಂಬಬೇಡಿ ಅಜ್ಜಿ. ನೋವು ಕಮ್ಮಿ ಇದ್ರೂ ಒಳಗೆ ಕೆಲಸ ನಡೀತಾ ಇರತ್ತೆ. ಕೈಕಾಲು ತಣ್ಣಗಾಯ್ತಾ, ಬೆವರು ಬಂತಾ, ವಾಂತಿ ಆಯ್ತಾ, ಅದನ್ನ ನೋಡಿ. ಹೃದಯಕ್ಕೆ ಹೊರೆ ಆಗತ್ತೆ, ಶ್ವಾಸಕೋಶದಲ್ಲಿ ನೀರು ತುಂಬತ್ತೆ. ಮಕ್ಕಳಲ್ಲಂತೂ ಬಹಳ ಬೇಗ. ಬೇಗ ತಂದ್ರೆ ನಮ್ಮ ಹತ್ರ ಔಷಧಿ ಇದೆ” ಎಂದರು. ಈಗ ಉಳಿಯುತ್ತಾಳೆಯೇ ಎಂದು ಶಾಂತವ್ವ ಕೇಳಿದಳು. ಈಗಲೇ ಏನೂ ಹೇಳಲಾರೆ ಎಂದರು.

ಆ ಮಧ್ಯಾಹ್ನ ಅತ್ತೆ ವಾರ್ಡಿನ ಬಾಗಿಲಲ್ಲಿ ನೆಲದ ಮೇಲೆ ಕೂತವಳು ಒಂದು ಗುಟುಕು ನೀರು ಮುಟ್ಟಲಿಲ್ಲ. ಒಳಗಿನಿಂದ ಹುಡುಗಿಯ ಉಸಿರಿನ ಗೊರಗೊರ ಕೇಳುತ್ತಿತ್ತು. ನನಗೆ ಭಯವಾಗಿತ್ತು, ಅತ್ತೆಯ ಮೇಲೆ ಸಿಟ್ಟೂ ಬಂದಿತ್ತು. ಹೊತ್ತು ಇಳಿಯುವಾಗ ಡಾಕ್ಟರಮ್ಮ ಬಂದು ಅತ್ತೆಯ ಕೈ ಹಿಡಿದು ಒಳಗೆ ಕರೆದೊಯ್ದು, ಆ ಕೈಯನ್ನು ಹುಡುಗಿಯ ಪಾದದ ಮೇಲೆ ಇಟ್ಟರು. ಪಾದ ಬೆಚ್ಚಗಿತ್ತು. ಆಗ ಅತ್ತೆ ಅತ್ತಳು. ನಾನೂ ಅತ್ತುಬಿಟ್ಟೆ. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು.

ಇಷ್ಟಾದ ಮೇಲೆ ಊರಿನವರು ಮಂತ್ರ ಬಿಟ್ಟರೆಂದು ನೀವು ತಿಳಿದರೆ ನಿಮಗೆ ಊರು ಗೊತ್ತಿಲ್ಲ. ನಾನೂ ಹಾಗೇ ತಿಳಿದಿದ್ದೆ. ಗುಡಿಯ ಮುಂದೆ ಜನ ಸೇರಿಸಿ, ಸಾಲೆಯಿಂದ ಚಿತ್ರಪಟ ತರಿಸಿ, ಹೃದಯ ತೋರಿಸಿ, ಶ್ವಾಸಕೋಶ ತೋರಿಸಿ ಭಾಷಣ ಮಾಡಿದೆ. ಜನ ಬಹಳ ಚೆನ್ನಾಗಿ ಕೇಳಿದರು. “ಅಕ್ಕೋರ ಬಾಳ ಚಲೋ ಹೇಳಿದ್ರಿ” ಎಂದು ಚಪ್ಪಾಳೆ ತಟ್ಟಿದರು. ಮರುವಾರವೇ ಒಬ್ಬಳಿಗೆ ಕುಳ್ಳಿನ ಗೂಡಿನಲ್ಲಿ ಚೇಳು ಕಡಿಯಿತು. ಅವಳು ನೆಟ್ಟಗೆ ಅತ್ತೆಯ ಕಟ್ಟೆಗೆ ಬಂದಳು. ಭಾಷಣಕ್ಕೆ ಮುಂದಿನ ಸಾಲಿನಲ್ಲೇ ಕೂತಿದ್ದವಳು.

“ಇಲ್ಲ ಅಂದಬಿಡು ಅತ್ತೀ. ಮಂತ್ರ ಹಾಕಾಂಗಿಲ್ಲ ಅಂದಬಿಡು” ಎಂದೆ ನಾನು.

“ನಾ ಇಲ್ಲ ಅಂದ್ರ ದವಾಖಾನಿಗೆ ಹೋಗತಾರ ಅಂತ ತಿಳದಿಯೇನು? ಎಡಕ್ಕ ಹೊಳ್ಳತಾರ, ಅಜ್ಜಾರ ಕಡೆ” ಎಂದಳು ಅತ್ತೆ. ಆಮೇಲೆ ಆ ಹೆಂಗಸಿಗೆ, “ಹಾಕತೇನಿ. ಆದ್ರ ಇನ್ನ ಮ್ಯಾಲ ನಾ ಕಟ್ಟಿಮ್ಯಾಲ ಹಾಕಾಂಗಿಲ್ಲ. ಗಾಡಿಯಾಗ ಕುಂತ್ರ ಹಾಕತೇನಿ. ಅರ್ಧಾ ಹಾದ್ಯಾಗ, ಅರ್ಧಾ ದವಾಖಾನಿ ಬಾಗಲದಾಗ. ನಡುವ ಇಳದ್ರ ಮಂತ್ರ ಹತ್ತೂದಿಲ್ಲ” ಎಂದಳು.

ಇದು ಮೋಸವಲ್ಲವೇ ಎಂದು ನಾನು ಬಹಳ ವಾದ ಮಾಡಿದೆ. ನಂಬಿಕೆ ಹೋದ ಮೇಲೂ ತಪ್ಪಲು ಹಿಡಿಯುವುದು ಯಾವ ನ್ಯಾಯ ಎಂದೆ. “ನ್ಯಾಯ ನೀ ನೋಡಿಕೋ, ನಾ ಜೀವ ನೋಡತೇನಿ” ಎಂದು ಅವಳು ಸೆರಗು ಸಿಕ್ಕಿಸಿ ಟಂಟಂ ಹತ್ತಿಬಿಟ್ಟಳು.

ಅಲ್ಲಿಂದ ಅದೇ ಪದ್ಧತಿಯಾಯಿತು. ಯಾರಿಗೆ ಕಡಿಯಲಿ, ಮೊದಲು ಗಾಡಿ ಬರಬೇಕು, ಆಮೇಲೆ ನೀಲವ್ವ ಹತ್ತುತ್ತಾಳೆ. ಬಾಯಿ ತಾನು ಅನ್ನುವುದನ್ನು ಅನ್ನುತ್ತಿತ್ತು, ಕೈ ಮಾತ್ರ ಅವರ ಪಾದ ಮುಟ್ಟಿ ನೋಡುತ್ತಿತ್ತು. ನೋವು ಎಲ್ಲಿಗೆ ಬಂತೆಂದು ಅವಳು ಮತ್ತೆ ಯಾರನ್ನೂ ಕೇಳಲಿಲ್ಲ. ದವಾಖಾನೆಯಲ್ಲಿ ಮೊದಮೊದಲು ಬೇವಿನ ತಪ್ಪಲು ಕಂಡು ಮುಖ ಗಂಟಿಕ್ಕುತ್ತಿದ್ದ ನರ್ಸುಗಳು ಆಮೇಲೆ ಅವಳಿಗೆ ಕುರ್ಚಿ ಹಾಕತೊಡಗಿದರು. ಅವಳ ಬಾಯಿಯ ಜೋರಿಗೆ ಓಣಿಯವರು ಗೋಡೆಯ ಸಂದಿಗಳಿಗೆ ಸಿಮೆಂಟಿನ ಗಿಲಾಯಿ ಮಾಡಿಸಿದರು, ಮಕ್ಕಳನ್ನು ನೆಲ ಬಿಟ್ಟು ಹೊರಸಿನ ಮೇಲೆ ಮಲಗಿಸಿದರು, ಕುಳ್ಳನ್ನು ಕೋಲಿನಿಂದ ಕೆದರಿ ತೆಗೆಯತೊಡಗಿದರು. ಎಲ್ಲರೂ ಉಳಿದರೆಂದರೆ ಸುಳ್ಳಾದೀತು. ಹೊಲದಿಂದ ತಡವಾಗಿ ತಂದ ಒಂದು ಕೂಸು ಅವಳ ತೊಡೆಯ ಮೇಲೆಯೇ ಹೋಯಿತು. ಅವತ್ತು ಸಂಜೆ ಅವಳು ಆ ಹೊಲದ ಯಜಮಾನನ ಮನೆಗೆ ಹೋಗಿ, ಕೆಲಸದವರಿರುವಷ್ಟು ದಿನ ಹೊಲದಲ್ಲೊಂದು ಗಾಡಿ ನಿಂತಿರಲೇಬೇಕೆಂದು ಹಟ ಹಿಡಿದು ಬಾಗಿಲಲ್ಲಿ ಕೂತು, ಒಪ್ಪಿಸಿಯೇ ಎದ್ದಳು.

ಬೆಳಗಾವಿಯಿಂದ ನಾನು ತಿರುಗಿ ಬಂದ ಸಂಜೆ ಅತ್ತೆಯ ಫೋನು ಬಂತು. ಮಗ ಸೊಸೆ ಚೆನ್ನಾಗಿ ನೋಡಿಕೊಳ್ಳುತ್ತಾರೆ, ಆದರೆ ಅವಳ ಮೊಣಕಾಲು ಪೂರಾ ಕೈಕೊಟ್ಟಿವೆ.

“ಮಳಿ ಶುರು ಆತು. ನನಗ ಗಾಡಿ ಹತ್ತಾಕ ಆಗವಲ್ದು. ನೀ ಬಾ.”

“ಅತ್ತೀ, ನನಗ ಮಂತ್ರ ಬರೂದಿಲ್ಲಲ್ಲ.”

“ಗಾಡಿ ಹತ್ತಾಕ ಬರತೈತಿಲ್ಲೋ? ಅಷ್ಟ ಸಾಕು.”

ಅತ್ತೆಯ ಊರಿಗೆ ಬಂದು ವಾರವಾಯಿತು. ನಿನ್ನೆ ಮಧ್ಯಾಹ್ನ ಮಳೆ ಹೊಳವಾದಾಗ ಒಬ್ಬ ತನ್ನ ಹೆಂಡತಿಯನ್ನು ಕರೆತಂದ. ಕಣಿಕೆ ಎತ್ತುವಾಗ ಕೆಂಪುಚೇಳು ಕಡಿದಿದೆ. ಅತ್ತೆ ಕೂತಲ್ಲಿಂದಲೇ, “ಇಕಿ ನನ್ನ ಅಣ್ಣನ ಮಗಳು. ನನ್ನದೆಲ್ಲಾ ಇಕಿಗೆ ಕೊಟ್ಟೇನಿ. ಗಾಡಿಯಾಗ ಹಾಕತಾಳ, ಹತ್ರಿ” ಎಂದು ತಪ್ಪಲನ್ನು ನನ್ನ ಕೈಗಿತ್ತಳು. ಜೀವಮಾನವೆಲ್ಲ ಮಕ್ಕಳಿಗೆ ಸುಳ್ಳು ಹೇಳಬೇಡಿ ಎಂದವಳು ನಾನು. ತಪ್ಪಲು ಇಸಿದುಕೊಂಡೆ, ಮೊಣಕಾಲಿಗೆ ಕೈಯೂರಿ ಟಂಟಂ ಹತ್ತಿದೆ. ಹೆಂಗಸಿನ ಕೈ ತಣ್ಣಗಿತ್ತು, ಹಣೆಯ ತುಂಬ ಬೆವರು. ನಾನಿನ್ನೂ ತುಟಿ ಅಲ್ಲಾಡಿಸಿರಲಿಲ್ಲ. ಆಗಲೇ ಅವಳು ನನ್ನ ಮುಖ ನೋಡಿ, ನಗಲು ನೋಡುತ್ತ, “ಇಳದೈತ್ರಿ ಅಕ್ಕೋರ, ನಿಮಗ್ಯಾಕ ತ್ರಾಸು” ಎಂದಳು.

“ಇಳೀಲಿ ಬಿಡವ್ವಾ” ಎಂದು ಆ ತಣ್ಣನೆಯ ಕೈಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಡ್ರೈವರನಿಗೆ ಕೂಗಿದೆ: “ಹೊಡಿಯಪಾ ಗಾಡಿ.”